ಹಗ್ಗ ಯಾರು ಕಟ್ಟಿದ್ದು? ಎವರೆಸ್ಟ್ ಹತ್ತಬೇಕೆನ್ನುವ ಓದುಗರಿಗೆ ಒಂದು ಉದ್ದ ಉತ್ತರ

ಪ್ರಶ್ನೆ: ಸರ್, ನನಗೆ 29 ವರ್ಷ, ಬೆಂಗಳೂರಿನಲ್ಲಿ ಐಟಿ ಕೆಲಸ. ಕುಮಾರ ಪರ್ವತ ನಾಲ್ಕು ಸಲ ಹತ್ತಿದ್ದೇನೆ. ಹೋದ ಡಿಸೆಂಬರಿನಲ್ಲಿ ಕೇದಾರಕಂಠ ಮುಗಿಸಿದೆ. ಮೂರು ವರ್ಷದಲ್ಲಿ ಎವರೆಸ್ಟ್ ಹತ್ತಬೇಕು ಅಂತ ಆಸೆ. ಕಠ್ಮಂಡುವಿನ ಕಂಪನಿಯೊಂದು 40 ಲಕ್ಷ ಹೇಳಿದೆ. ಆದರೆ ಗೆಳೆಯರು 'ಈಗ ದುಡ್ಡಿದ್ದವರೆಲ್ಲ ಹತ್ತುತ್ತಾರೆ, ಪರ್ವತಾರೋಹಣ ಸತ್ತು ಎಷ್ಟೋ ಕಾಲ ಆಯ್ತು' ಅಂತ ನಗುತ್ತಾರೆ. ನಿಜವಾ? ಹಿಂದಿನವರು ಹತ್ತಿದ್ದಕ್ಕೂ ಈಗಿನವರು ಹತ್ತುವುದಕ್ಕೂ ಏನು ವ್ಯತ್ಯಾಸ? ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧ ಯಾಕೆ ಸುಳ್ಳು ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಉತ್ತರ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಯಾರಾದರೂ ಬಂದು 'ನಾನು ಇಂಥ ಶಿಖರ ಹತ್ತಿದೆ' ಅಂದರೆ ನಾನು ಎತ್ತರ ಕೇಳುವುದಿಲ್ಲ. 'ಹಗ್ಗ ಯಾರು ಕಟ್ಟಿದ್ದು?' ಅಂತ ಕೇಳುತ್ತೇನೆ. ಕೆಲವರಿಗೆ ಇದು ಕೊಂಕು ಅನ್ನಿಸುತ್ತದೆ, ಮುಖ ಊದಿಸಿಕೊಳ್ಳುತ್ತಾರೆ. ಆದರೆ ಪರ್ವತಾರೋಹಣದ ಇನ್ನೂರನಲವತ್ತು ವರ್ಷದ ಕಥೆಯೂ, ನೀವು ಕೊಡಲು ಹೊರಟಿರುವ 40 ಲಕ್ಷದ ಲೆಕ್ಕವೂ ಈ ಪ್ರಶ್ನೆಯೊಳಗೇ ಇವೆ.

ಮೊದಲು ಈಗ ಎವರೆಸ್ಟ್‌ನಲ್ಲಿ ಏನು ನಡೆಯುತ್ತದೆ ನೋಡಿ. ನೇಪಾಳದ ಕಡೆಯಿಂದ ಹತ್ತುವವರು ಬೇಸ್ ಕ್ಯಾಂಪ್ ದಾಟಿದ ಕೂಡಲೇ ಖುಂಬು ಐಸ್‌ಫಾಲ್ ಸಿಗುತ್ತದೆ. ಹಿಮನದಿ ಕಡಿದಾದ ಜಾಗದಲ್ಲಿ ಒಡೆದು, ಮನೆಯಷ್ಟು ದೊಡ್ಡ ಮಂಜುಗಡ್ಡೆಗಳಾಗಿ ನಿಂತಿರುವ ಜಾಗ ಅದು. ನಿಂತಿರುವ ಅಂದೆ, ಆದರೆ ದಿನಾ ಜರುಗುತ್ತಿರುತ್ತದೆ. ಪ್ರತಿ ವಸಂತದಲ್ಲಿ ಒಂದು ಸಣ್ಣ ಶೆರ್ಪಾ ತಂಡ ಎಲ್ಲರಿಗಿಂತ ಮೊದಲು ಅಲ್ಲಿಗೆ ಹೋಗಿ, ಬಿರುಕುಗಳ ಮೇಲೆ ಅಲ್ಯೂಮಿನಿಯಂ ಏಣಿ ಹಾಕಿ, ಹಗ್ಗ ಕಟ್ಟಿ ದಾರಿ ಮಾಡುತ್ತದೆ. ಇವರಿಗೆ ಐಸ್‌ಫಾಲ್ ಡಾಕ್ಟರ್ ಅಂತ ಹೆಸರು. ಅಲ್ಲಿಂದ ಮೇಲೆ ಇನ್ನೊಂದು ಶೆರ್ಪಾ ತಂಡ ಶಿಖರದವರೆಗೂ ಹಗ್ಗ ಎಳೆಯುತ್ತದೆ. ಹಾಗಾಗಿ ಬಹುಪಾಲು ವರ್ಷ ಆ ಸೀಸನ್ನಿನಲ್ಲಿ ಮೊದಲು ಶಿಖರ ಮುಟ್ಟುವವರು ಈ ಹಗ್ಗ ಕಟ್ಟುವವರೇ. ಅವರ ಹೆಸರು ಪೇಪರಿನಲ್ಲಿ ಒಂದು ಸಾಲು ಬಂದರೆ ಹೆಚ್ಚು. ಆಮೇಲೆ ಹೋಗುವ ನೂರಾರು ಜನ ಅದೇ ಹಗ್ಗಕ್ಕೆ ಜೂಮರ್ ಹಾಕಿಕೊಂಡು ಹತ್ತುತ್ತಾರೆ.

ಜೂಮರ್ ಅಂದರೆ ಹಿಡಿಕೆ ಇರುವ ಒಂದು ಕ್ಲಿಪ್. ಮೇಲಕ್ಕೆ ತಳ್ಳಿದರೆ ಹಗ್ಗದ ಮೇಲೆ ಸಲೀಸಾಗಿ ಜಾರುತ್ತದೆ, ಕೆಳಕ್ಕೆ ಎಳೆದರೆ ಒಳಗಿನ ಹಲ್ಲುಗಳು ಹಗ್ಗವನ್ನು ಕಚ್ಚಿಕೊಳ್ಳುತ್ತವೆ. ತಳ್ಳು, ಭಾರ ಹಾಕು, ಕಾಲೆತ್ತು, ಉಸಿರಾಡು. ಮತ್ತೆ ತಳ್ಳು. ಹಗ್ಗ ಒಂದೇ ಉದ್ದಕ್ಕೆ ಇರುವುದಿಲ್ಲ, ಅಲ್ಲಲ್ಲಿ ಮಂಜಿಗೋ ಬಂಡೆಗೋ ಬಿಗಿದ ಆಧಾರಕ್ಕೆ, ಅಂದರೆ ಆಂಕರ್‌ಗೆ ಕಟ್ಟಿರುತ್ತಾರೆ. ಆಂಕರ್ ಬಂದಾಗ ಮೊದಲು ಸೇಫ್ಟಿ ಕ್ಯಾರಬೀನರ್ (ಸೊಂಟದ ಪಟ್ಟಿಗೆ ಕಟ್ಟಿಕೊಂಡ, ಬಾಗಿಲಿರುವ ಲೋಹದ ಕೊಂಡಿ) ಬಿಚ್ಚಿ ಆಚೆಯ ಹಗ್ಗಕ್ಕೆ ಹಾಕಬೇಕು, ಅದು ಕೂತ ಮೇಲೆ ಜೂಮರ್ ಬಿಡಿಸಿ ಆಚೆ ಹಾಕಬೇಕು. ಎರಡೂ ಒಟ್ಟಿಗೆ ಹಗ್ಗದಿಂದ ಹೊರಗೆ ಇರುವ ಕ್ಷಣವೇ ಇರಬಾರದು. ಮನೆಯಲ್ಲಿ ಕೂತು ಓದಿದರೆ ಐದು ಸೆಕೆಂಡಿನ ಕೆಲಸ. ಎರಡು ಜೊತೆ ಗ್ಲೌಸ್ ಹಾಕಿಕೊಂಡು, ರಾತ್ರಿ ಎರಡು ಗಂಟೆಗೆ, ಮೂಗಿನಿಂದ ಇಳಿದ ನೀರು ಹೆಪ್ಪುಗಟ್ಟಿರುವಾಗ, ಹಿಂದೆ ಇಪ್ಪತ್ತು ಜನ ಕಾಯುತ್ತಿರುವಾಗ ಮಾಡಿ ನೋಡಿ.

ನನ್ನ ಬೇಸಿಕ್ ಕೋರ್ಸಿನಲ್ಲಿ ನಾನೇ ಕ್ಯಾರಬೀನರ್ ಗೇಟ್ ತೆಗೆಯಲಾಗದೆ ಹೊರ ಗ್ಲೌಸ್ ಬಿಚ್ಚಿ ಹಲ್ಲಲ್ಲಿ ಕಚ್ಚಿಕೊಂಡೆ. ಪಕ್ಕದವನು ಏನೋ ಕೇಳಿದ, 'ಆ?' ಅಂದೆ, ಗ್ಲೌಸ್ ಹಾರಿಹೋಯಿತು. ಬಿಳಿ ಇಳಿಜಾರಿನಲ್ಲಿ ಕಪ್ಪು ಚುಕ್ಕೆಯಾಗಿ ಜಾರಿ ಹೋಗಿದ್ದು ಇವತ್ತಿಗೂ ಕಣ್ಣ ಮುಂದಿದೆ. ಇನ್‌ಸ್ಟ್ರಕ್ಟರ್ ಬೈಯಲಿಲ್ಲ. ತಮ್ಮ ಬ್ಯಾಗಿನಿಂದ ಒಂದು ಉಣ್ಣೆಯ ಕಾಲುಚೀಲ ತೆಗೆದು 'ಕೈಗೆ ಹಾಕ್ಕೋ, ಇಳಿ' ಅಂದರು. ಆ ದಿನ ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು. ಅದು 5,000 ಮೀಟರೂ ಇರಲಿಲ್ಲ. 8,000ದ ಮೇಲೆ ಆಗಿದ್ದರೆ ಬೆರಳುಗಳು ಹೋಗುತ್ತಿದ್ದವು.

ಈಗ ಹಿಂದಕ್ಕೆ ಹೋಗೋಣ. ಆಲ್ಪ್ಸ್ ಪರ್ವತಗಳ ಮಾಂಟ್ ಬ್ಲಾಂಕ್ ಹತ್ತುವ ದಾರಿ ಹುಡುಕಿದವರಿಗೆ ಬಹುಮಾನ ಕೊಡುತ್ತೇನೆ ಅಂತ ಜಿನೀವಾದ ವಿಜ್ಞಾನಿ ಸೋಸ್ಯೂರ್ 1760ರಲ್ಲಿ ಘೋಷಿಸಿದ. ಇಪ್ಪತ್ತಾರು ವರ್ಷ ಆದ ಮೇಲೆ, 1786ರ ಆಗಸ್ಟ್ 8ರಂದು, ಶಮೋನಿ ಊರಿನ ಡಾಕ್ಟರ್ ಪಕ್ಕಾರ್ ಮತ್ತು ಬೆಟ್ಟದಲ್ಲಿ ಸ್ಫಟಿಕ ಹುಡುಕಿ ಮಾರುತ್ತಿದ್ದ ಬಾಲ್ಮಾ ಇಬ್ಬರೂ ತುದಿ ಮುಟ್ಟಿದರು. ಹಗ್ಗ ಇಲ್ಲ, ಐಸ್ ಆಕ್ಸ್ ಇಲ್ಲ. ಕೈಯಲ್ಲಿ ಉದ್ದನೆಯ ಕೋಲು. ಪರ್ವತಾರೋಹಣ ಶುರುವಾಗಿದ್ದು ಇಲ್ಲಿಂದ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಇದಕ್ಕಿಂತ ಮಜಾ ಅನ್ನಿಸುವುದು ಮರುವರ್ಷದ ಕಥೆ. 1787ರಲ್ಲಿ ಸೋಸ್ಯೂರ್ ತಾನೇ ಹತ್ತಿದ. ಜೊತೆಗೆ ಒಬ್ಬ ಸೇವಕ, ಹದಿನೆಂಟು ಗೈಡುಗಳು! ಅಂದರೆ ದುಡ್ಡು ಕೊಟ್ಟು, ದಾರಿ ಗೊತ್ತಿದ್ದವರನ್ನು ಕರೆದುಕೊಂಡು ಹತ್ತುವ ಪದ್ಧತಿ ಈ ಆಟಕ್ಕಿಂತ ಒಂದೇ ಒಂದು ವರ್ಷ ಚಿಕ್ಕದು. 'ಈಗ ದುಡ್ಡಿದ್ದವರೆಲ್ಲ' ಅನ್ನುವ ನಿಮ್ಮ ಗೆಳೆಯರಿಗೆ ಇದನ್ನು ಹೇಳಿ. 1821ರಲ್ಲಿ ಅದೇ ಊರಿನ ಗೈಡುಗಳು ತಮ್ಮದೇ ಸಂಘ ಕಟ್ಟಿಕೊಂಡರು. ಅದು ಇವತ್ತಿಗೂ ಇದೆ.

1857ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ ಶುರುವಾಯಿತು. ಸಾಹೇಬರಿಗೆ ಬೇಸಿಗೆ ರಜೆ, ಆಲ್ಪ್ಸ್ ಹಳ್ಳಿಗಳ ರೈತರಿಗೆ ಗೈಡ್ ಕೆಲಸ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ತಂಡ ಮ್ಯಾಟರ್‌ಹಾರ್ನ್ ಹತ್ತಿತು. ಏಳು ಜನ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಇಳಿಯುವಾಗ ಅನುಭವವಿಲ್ಲದ ಹುಡುಗ ಹ್ಯಾಡೋ ಜಾರಿದ. ಅವನ ಜೊತೆ ಮೂವರು ಎಳೆದುಕೊಂಡು ಹೋದರು. ನಡುವಿನ ಹಗ್ಗ ತುಂಡಾಯಿತು, ಹಾಗಾಗಿ ಮೇಲಿದ್ದ ಮೂವರು ಉಳಿದರು. ತಂಡದ ಬಳಿ ಇದ್ದ ಹಗ್ಗಗಳಲ್ಲಿ ಅತ್ಯಂತ ದುರ್ಬಲವಾದದ್ದು ಆ ಜಾಗದಲ್ಲಿತ್ತು ಅಂತ ಗೊತ್ತಾದ ಮೇಲೆ, ಉಳಿದುಕೊಂಡ ಗೈಡ್ ಟೌಗ್‌ವಾಲ್ಡರ್ ಮೇಲೆ ಅನುಮಾನ ಬಿತ್ತು. ವಿಚಾರಣೆ ಅವನನ್ನು ತಪ್ಪಿತಸ್ಥ ಅನ್ನಲಿಲ್ಲ, ಆದರೂ ಮಾತು ಹೋಗಲಿಲ್ಲ. ಆ ಹಗ್ಗದ ತುಂಡು ಝೆರ್ಮಾಟ್ ಊರಿನ ಮ್ಯೂಸಿಯಂನಲ್ಲಿದೆ. ನನ್ನ ಬೆರಳಿಗಿಂತ ದಪ್ಪ ಇರಲಾರದು. ಇವತ್ತು ನಾವು ಬಳಸುವ ನೈಲಾನ್ ಹಗ್ಗ ಬಿದ್ದವರ ಭಾರಕ್ಕೆ ಹಿಗ್ಗಿ ಏಟು ತಡೆಯುತ್ತದೆ. ಆಗಿನ ನಾರಿನ ಹಗ್ಗಕ್ಕೆ ಆ ಗುಣವೇ ಇರಲಿಲ್ಲ.

ಹಿಮಾಲಯದ ಕಥೆ ಅಳತೆಯಿಂದ ಶುರುವಾಗುತ್ತದೆ. ಲ್ಯಾಂಬ್ಟನ್ ಅನ್ನುವ ಬ್ರಿಟಿಷ್ ಅಧಿಕಾರಿ 1802ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ ತ್ರಿಕೋನ ಸರ್ವೆ ನಮ್ಮ ಮೈಸೂರು ಸೀಮೆ ದಾಟಿ ಮಂಗಳೂರು ಮುಟ್ಟಿತು. ಅದೇ ಸರ್ವೆ ಉತ್ತರಕ್ಕೆ ಹೋಗಿ ಹೋಗಿ ಹಿಮಾಲಯದ ಬುಡ ತಲುಪಿತು. 1852ರಲ್ಲಿ ರಾಧಾನಾಥ್ ಸಿಕ್ದರ್ ಲೆಕ್ಕ ಹಾಕಿ 'ಹದಿನೈದನೇ ನಂಬರಿನ ಶಿಖರವೇ ಅತಿ ಎತ್ತರ' ಅಂದರು. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. 2020ರಲ್ಲಿ ನೇಪಾಳ ಮತ್ತು ಚೀನಾ ಉಪಗ್ರಹ ಎಲ್ಲ ಬಳಸಿ ಅಳೆದು ಹೇಳಿದ್ದು 8,848.86 ಮೀಟರ್, ಅಂದರೆ ಸುಮಾರು 29,032 ಅಡಿ. ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬಯಲಿನಲ್ಲಿ ನಿಂತು ನೋಡಿ, ಕೈಯಲ್ಲಿ ಲೆಕ್ಕ ಹಾಕಿ, ಬರೀ ಮೂವತ್ತು ಅಡಿ ತಪ್ಪು! ಹೆಸರು ಮಾತ್ರ ಸಿಕ್ಕಿದ್ದು ನಿವೃತ್ತ ಸರ್ವೇಯರ್ ಜನರಲ್ ಎವರೆಸ್ಟ್‌ಗೆ. ಹಗ್ಗ ಕಟ್ಟಿದವರೊಬ್ಬರು, ಹೆಸರು ಇನ್ನೊಬ್ಬರದು. ಇದು ಇಲ್ಲಿಂದಲೇ ಶುರು.

1921ರಲ್ಲಿ ಬ್ರಿಟಿಷರು ಟಿಬೆಟ್ ಕಡೆಯಿಂದ ಎವರೆಸ್ಟ್‌ಗೆ ಹೊರಟರು. 1922ರಲ್ಲಿ ಫಿಂಚ್ ಮತ್ತು ಬ್ರೂಸ್ ಬಾಟಲಿ ಆಕ್ಸಿಜನ್ ಹಾಕಿಕೊಂಡು 8,300 ಮೀಟರ್ ದಾಟಿದರು. 'ಆಕ್ಸಿಜನ್ ಬಳಸುವುದು ಮೋಸ' ಅನ್ನುವ ಜಗಳ ಅವತ್ತೇ ಇತ್ತು, ಹೊಸದೇನಲ್ಲ. ಅದೇ ವರ್ಷ ಜೂನ್ 7ರಂದು, ಹೊಸ ಹಿಮ ಬಿದ್ದಿದ್ದರೂ ಮತ್ತೊಂದು ಸಲ ನೋಡೋಣ ಅಂತ ಅದೇ ದಂಡಯಾತ್ರೆಯ ಮ್ಯಾಲರಿ ತಂಡವನ್ನು ಕರೆದುಕೊಂಡು ಹೊರಟ. ಹಿಮ ಕುಸಿಯಿತು. ಏಳು ಜನ ಹೊರೆಯಾಳುಗಳು ಸತ್ತರು, ಎಲ್ಲರೂ ಸ್ಥಳೀಯರು. ಎವರೆಸ್ಟ್ ಹತ್ತುವ ಪ್ರಯತ್ನದಲ್ಲಿ ಹಿಮಕುಸಿತಕ್ಕೆ ಮೊದಲು ಬಲಿಯಾದವರು ಇವರು. 1924ರ ಜೂನ್ 8ರಂದು ಮ್ಯಾಲರಿ ಮತ್ತು ಅರ್ವಿನ್ ತುದಿಯ ಹತ್ತಿರ ಮೋಡದಲ್ಲಿ ಮರೆಯಾದರು. ಮ್ಯಾಲರಿಯ ದೇಹ ಸಿಕ್ಕಿದ್ದು 1999ರಲ್ಲಿ. 2024ರಲ್ಲಿ ರೋಂಗ್‌ಬುಕ್ ಹಿಮನದಿಯಲ್ಲಿ ಒಂದು ಬೂಟು ಸಿಕ್ಕಿತು, ಒಳಗೆ ಪಾದ, ಪಾದಕ್ಕೆ ಕಾಲುಚೀಲ, ಕಾಲುಚೀಲದ ಮೇಲೆ ಹೊಲಿದ ಹೆಸರಿನ ಪಟ್ಟಿ: ಎ.ಸಿ. ಅರ್ವಿನ್. ನೂರು ವರ್ಷ ಆಗಿತ್ತು. ಅವರು ತುದಿ ಮುಟ್ಟಿದ್ದರಾ ಅನ್ನುವುದಕ್ಕೆ ಮಾತ್ರ ಇನ್ನೂ ಉತ್ತರ ಇಲ್ಲ.

1953 ನಿಮಗೆ ಗೊತ್ತಿರುವುದೇ. ಆದರೂ ಎರಡು ಮಾತು. ಆ ದಂಡಯಾತ್ರೆಗೆ 350ಕ್ಕೂ ಹೆಚ್ಚು ಕೂಲಿಯವರು ಸಾಮಾನು ಹೊತ್ತಿದ್ದರು. ಮೇ 26ರಂದು ಬೋರ್ಡಿಲನ್ ಮತ್ತು ಇವಾನ್ಸ್ ದಕ್ಷಿಣ ಶಿಖರದವರೆಗೆ ಹೋದರು. ಅಲ್ಲಿಂದ ತುದಿಗೆ ಎತ್ತರದಲ್ಲಿ ನೂರು ಮೀಟರ್ ಆಸುಪಾಸು. ಹೊತ್ತಾಗಿತ್ತು, ಆಕ್ಸಿಜನ್ ಸಾಧನ ಕೈ ಕೊಡುತ್ತಿತ್ತು. ವಾಪಸ್ ಬಂದರು. ಇವರ ಹೆಸರು ಯಾರ ನೆನಪಿನಲ್ಲೂ ಇಲ್ಲ, ಆದರೆ ಅವತ್ತು ಅವರು ತಿರುಗಿದ್ದರಿಂದ ಬದುಕಿದರು. ಮೂರು ದಿನ ಬಿಟ್ಟು, ಮೇ 29ರ ಬೆಳಗ್ಗೆ ಹನ್ನೊಂದೂವರೆಗೆ ತೇನ್‌ಸಿಂಗ್ ನೋರ್ಗೆ ಮತ್ತು ಹಿಲರಿ ತುದಿಯಲ್ಲಿದ್ದರು. ತೇನ್‌ಸಿಂಗ್‌ಗೆ ಅದು ಮೊದಲ ಪ್ರಯತ್ನ ಅಲ್ಲ. ಹಿಂದಿನ ವರ್ಷವೇ ಸ್ವಿಸ್ ಗೆಳೆಯ ಲ್ಯಾಂಬರ್ಟ್ ಜೊತೆ 8,600 ಮೀಟರ್ ಹತ್ತಿರ ಹೋಗಿ ತಿರುಗಿದ್ದರು. ಶಿಖರದ ದಿನ ಅವರ ಕುತ್ತಿಗೆಯಲ್ಲಿದ್ದದ್ದು ಲ್ಯಾಂಬರ್ಟ್ ಕೊಟ್ಟ ಕೆಂಪು ಸ್ಕಾರ್ಫ್. 'ಯಾರು ಮೊದಲು ಕಾಲಿಟ್ಟದ್ದು?' ಅಂತ ಜಗತ್ತೆಲ್ಲ ಪೀಡಿಸಿತು. ಕೊನೆಗೆ ತೇನ್‌ಸಿಂಗ್ ತಾವೇ 'ಹಿಲರಿ ಮುಂದಿದ್ದರು' ಅಂತ ಹೇಳಿಬಿಟ್ಟರು. ಒಂದೇ ಹಗ್ಗದ ಎರಡು ತುದಿಗೆ ಕಟ್ಟಿಕೊಂಡು ಹತ್ತಿದವರನ್ನು ಹಾಗೆ ಕೇಳುವುದೇ ಪೆದ್ದುತನ ಅಂತ ನನಗನ್ನಿಸುತ್ತದೆ.

ನಮ್ಮ ದೇಶದಲ್ಲಿ ಈ ಆಟ ಬೇರೂರಿದ್ದು ಅದರ ಬೆನ್ನಿಗೇ. 1954ರಲ್ಲಿ ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಮೌಂಟನೀರಿಂಗ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಫೀಲ್ಡ್ ಟ್ರೈನಿಂಗ್‌ಗೆ ತೇನ್‌ಸಿಂಗ್ ಅವರೇ ಮುಖ್ಯಸ್ಥರು. 1965ರಲ್ಲಿ ಎಂ.ಎಸ್. ಕೋಹ್ಲಿ ಮುಂದಾಳತ್ವದ ತಂಡದ ಒಂಬತ್ತು ಜನ ಎವರೆಸ್ಟ್ ಮುಟ್ಟಿದರು. ಅವರಲ್ಲಿದ್ದ ನವಾಂಗ್ ಗೊಂಬು ಎರಡು ಸಲ ಎವರೆಸ್ಟ್ ಹತ್ತಿದ ಮೊದಲ ಮನುಷ್ಯ. ಅದೇ ವರ್ಷ ಉತ್ತರಕಾಶಿಯಲ್ಲಿ ನೆಹರು ಇನ್‌ಸ್ಟಿಟ್ಯೂಟ್ ಬಂತು. 1984ರಲ್ಲಿ ಬಚೇಂದ್ರಿ ಪಾಲ್, ಎವರೆಸ್ಟ್ ಹತ್ತಿದ ಮೊದಲ ಭಾರತೀಯ ಮಹಿಳೆ. ಇವೆಲ್ಲ ಬಹುಮಟ್ಟಿಗೆ ಸರ್ಕಾರಿ, ಸೈನ್ಯದ ಮಾದರಿಯ ದೊಡ್ಡ ದಂಡಯಾತ್ರೆಗಳು. ಕ್ಯಾಂಪ್ ಮೇಲೆ ಕ್ಯಾಂಪ್, ಹಗ್ಗದ ಮೇಲೆ ಹಗ್ಗ, ಕೋಟೆಗೆ ಮುತ್ತಿಗೆ ಹಾಕಿದ ಹಾಗೆ.

ಇದನ್ನು ತಲೆಕೆಳಗು ಮಾಡಿದವನು ಇಟಲಿಯ ಮೆಸ್ನರ್. 1975ರಲ್ಲಿ ಅವನು ಮತ್ತು ಹಾಬೆಲರ್ ಇಬ್ಬರೇ, ಕಟ್ಟಿದ ಹಗ್ಗ ಇಲ್ಲದೆ, ಹೊರೆಯಾಳು ಇಲ್ಲದೆ 8,000 ಮೀಟರ್ ಮೀರಿದ ಗ್ಯಾಶರ್‌ಬ್ರಮ್-1 ಹತ್ತಿ ಬಂದರು. ಸಾಮಾನೆಲ್ಲ ಬೆನ್ನ ಮೇಲೆ. ಇದಕ್ಕೆ ಆಲ್ಪೈನ್ ಶೈಲಿ ಅನ್ನುತ್ತಾರೆ. 1978ರ ಮೇ 8ರಂದು ಅದೇ ಇಬ್ಬರು ಬಾಟಲಿ ಆಕ್ಸಿಜನ್ ಇಲ್ಲದೆ ಎವರೆಸ್ಟ್ ಹತ್ತಿದಾಗ, ಮಿದುಳು ಕೆಟ್ಟೇ ವಾಪಸ್ ಬರುತ್ತಾರೆ ಅಂತ ಹೇಳಿದ್ದ ಡಾಕ್ಟರುಗಳು ಸುಮ್ಮನಾದರು. 1980ರಲ್ಲಿ ಮೆಸ್ನರ್ ಒಬ್ಬನೇ ಹೋಗಿ ಬಂದ. 1986ಕ್ಕೆ 8,000 ಮೀರಿದ ಹದಿನಾಲ್ಕೂ ಶಿಖರ ಮುಗಿಸಿದ. ನನ್ನ ಪ್ರಶ್ನೆಗೆ ಅವನ ಹತ್ತಿರ ಉತ್ತರ ಸುಲಭ: ಹಗ್ಗವೇ ಇರಲಿಲ್ಲ.

ಹಾಗಾದರೆ ಈಗಿನ ಜಾತ್ರೆ ಎಲ್ಲಿಂದ ಬಂತು? 1985ರಲ್ಲಿ ಡಿಕ್ ಬಾಸ್ ಅನ್ನುವ ಅಮೆರಿಕದ ಶ್ರೀಮಂತ, 55 ದಾಟಿದವನು, ಅನುಭವಿಯೊಬ್ಬನ ಜೊತೆ ಎವರೆಸ್ಟ್ ಹತ್ತಿದ. 'ಇವನು ಹತ್ತಿದ ಅಂದರೆ ನಾನೂ ಹತ್ತಬಹುದು' ಅಂತ ಎಷ್ಟೋ ಜನರಿಗೆ ಅನ್ನಿಸಿತು. 1990ರ ದಶಕದಲ್ಲಿ ಪಶ್ಚಿಮದ ಕಂಪನಿಗಳು ಗಿರಾಕಿಗಳನ್ನು ಕರೆದುಕೊಂಡು ಹೋಗತೊಡಗಿದವು. 1996ರ ಮೇ 10ರ ಬಿರುಗಾಳಿಯಲ್ಲಿ ಎಂಟು ಜನ ಸತ್ತರು. ಅವರಲ್ಲಿ ಎರಡು ಕಂಪನಿಗಳ ಮುಖ್ಯಸ್ಥರಾದ ರಾಬ್ ಹಾಲ್ ಮತ್ತು ಸ್ಕಾಟ್ ಫಿಶರ್ ಇದ್ದರು. ಉತ್ತರದ ಕಡೆಯಲ್ಲಿ ನಮ್ಮ ಐಟಿಬಿಪಿಯ (ಟಿಬೆಟ್ ಗಡಿ ಕಾಯುವ ಪೊಲೀಸ್ ಪಡೆ) ಮೂವರೂ ಅದೇ ಬಿರುಗಾಳಿಗೆ ಸಿಕ್ಕರು. ವ್ಯಾಪಾರ ಇದರಿಂದ ಕಡಿಮೆಯಾಗಲಿಲ್ಲ, ಜಾಸ್ತಿ ಆಯಿತು!

2014ರ ಏಪ್ರಿಲ್ 18ರ ಬೆಳಗ್ಗೆ ಐಸ್‌ಫಾಲ್ ಮೇಲೆ ದೊಡ್ಡ ಮಂಜುಗಡ್ಡೆ ಕುಸಿದು 16 ಜನ ಸತ್ತರು. ಹದಿನಾರೂ ಜನ ನೇಪಾಳದ ಕೆಲಸಗಾರರು, ಗಿರಾಕಿಗಳಿಗಾಗಿ ಸಾಮಾನು ಸಾಗಿಸುತ್ತಿದ್ದವರು. ಸರ್ಕಾರ ಮೊದಲು ಘೋಷಿಸಿದ ಪರಿಹಾರ ಒಂದೊಂದು ಮನೆಗೆ 40,000 ನೇಪಾಳಿ ರೂಪಾಯಿ. ನಮ್ಮ ದುಡ್ಡಿನಲ್ಲಿ ಇಪ್ಪತ್ತೈದು ಸಾವಿರ. ಗಿರಾಕಿಯೊಬ್ಬ ಕಾಲಿಗೆ ಹಾಕುವ ಬೂಟಿನ ಬೆಲೆ ಅದಕ್ಕಿಂತ ಹೆಚ್ಚು. ಶೆರ್ಪಾಗಳು ಸಿಟ್ಟಾದರು, ಆ ಸೀಸನ್ನಿಗೆ ಕೆಲಸ ನಿಲ್ಲಿಸಿಬಿಟ್ಟರು. ನನ್ನ ಪ್ರಕಾರ ಈಗಿನ ಪರ್ವತಾರೋಹಣದ ನಿಜವಾದ ತಿರುವು ಅದೇ. ಮುಂದಿನ ವರ್ಷದ ಭೂಕಂಪದಲ್ಲಿ ಬೇಸ್ ಕ್ಯಾಂಪೇ ಕೊಚ್ಚಿ ಹೋಯಿತು. ಆದರೆ ಆ ಸಿಟ್ಟು ಉಳಿಯಿತು, ಬೆಳೆಯಿತು. ಇವತ್ತು ಎವರೆಸ್ಟ್ ವ್ಯವಹಾರದ ದೊಡ್ಡ ಪಾಲು ನೇಪಾಳಿ ಕಂಪನಿಗಳ ಕೈಯಲ್ಲಿದೆ. ನಿಮಗೆ 40 ಲಕ್ಷ ಹೇಳಿದ ಕಂಪನಿಯ ಮಾಲೀಕರೂ ಒಂದು ಕಾಲದಲ್ಲಿ ಹೊರೆ ಹೊತ್ತವರೋ, ಅವರ ಮಕ್ಕಳೋ ಆಗಿರಬಹುದು.

ಮತ್ತೆ 2021ರ ಜನವರಿ 16. 8,000 ಮೀರಿದ ಶಿಖರಗಳಲ್ಲಿ ಚಳಿಗಾಲದಲ್ಲಿ ಯಾರೂ ಹತ್ತದೆ ಉಳಿದಿದ್ದು ಕೆ2 ಒಂದೇ. ಹತ್ತು ಜನ ನೇಪಾಳಿಗಳು ಅವತ್ತು ತುದಿಯ ಸ್ವಲ್ಪ ಕೆಳಗೆ ನಿಂತು ಒಬ್ಬರಿಗೊಬ್ಬರು ಕಾದರು. ಹತ್ತೂ ಜನ ಸೇರಿದ ಮೇಲೆ ತಮ್ಮ ರಾಷ್ಟ್ರಗೀತೆ ಹಾಡುತ್ತಾ ಒಟ್ಟಿಗೆ ಕಾಲಿಟ್ಟರು. ಆ ವಿಡಿಯೋ ನೋಡಿ, ಯಾರು ಮೊದಲು ಅನ್ನುವ ಪ್ರಶ್ನೆಗೆ ಜಾಗವೇ ಇಲ್ಲ. ಹಗ್ಗವೂ ಅವರದೇ, ಹೆಸರೂ ಅವರದೇ. ನಾನು ಅವತ್ತು ಅತ್ತಿದ್ದೆ, ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಇನ್ನು ಗೆಳೆಯರ ಮಾತಿನ ನಿಜವಾದ ಅರ್ಧ. ಜನ ಜಾಸ್ತಿ ಆಗಿದ್ದಾರೆ. 2019ರ ಮೇ ತಿಂಗಳಲ್ಲಿ ತುದಿಯ ಹತ್ತಿರ ಸಾಲುಗಟ್ಟಿ ನಿಂತವರ ಫೋಟೋ ನೀವೂ ನೋಡಿರುತ್ತೀರಿ. 2023ರಲ್ಲಿ ನೇಪಾಳ 478 ಪರ್ಮಿಟ್ ಕೊಟ್ಟಿತು. ಪ್ರತಿ ಗಿರಾಕಿಯ ಜೊತೆ ಒಬ್ಬ ಶೆರ್ಪಾ ಅಂದುಕೊಂಡರೂ, ಮೇ ತಿಂಗಳ ನಾಲ್ಕಾರು ಒಳ್ಳೆಯ ದಿನಗಳಲ್ಲಿ ಒಂದೇ ಹಗ್ಗದ ಮೇಲೆ ಎಷ್ಟು ಜನ ಆಗುತ್ತಾರೆ ಲೆಕ್ಕ ಹಾಕಿ. 4 ಲೀಟರಿನ ಆಕ್ಸಿಜನ್ ಬಾಟಲಿ (ಒತ್ತಿ ತುಂಬಿರುವುದರಿಂದ ಹೊರಗೆ ಬಿಟ್ಟಾಗ ಗಾಳಿ 4 ಲೀಟರಿಗಿಂತ ಎಷ್ಟೋ ಪಟ್ಟು ಆಗುತ್ತದೆ), ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟರೆ, ಹತ್ತು ಗಂಟೆ ಬರಬಹುದು. ಸಾಲಿನಲ್ಲಿ ನಿಂತೇ ಎರಡು ಗಂಟೆ ಕಳೆದರೆ ಆ ಎರಡು ಗಂಟೆಯ ಗಾಳಿ ಇಳಿಯುವಾಗ ಇರುವುದಿಲ್ಲ. ಸಾವು ಬರುವುದು ಹೆಚ್ಚಾಗಿ ಇಳಿಯುವಾಗಲೇ. ಪರ್ಮಿಟ್ ಫೀಸನ್ನು 2025ರ ಸೆಪ್ಟೆಂಬರಿನಿಂದ 11,000 ಡಾಲರಿನಿಂದ 15,000ಕ್ಕೆ ಏರಿಸಿದ್ದಾರೆ. ಇದರಿಂದ ಜನ ಕಡಿಮೆ ಆಗುತ್ತಾರೆ ಅಂತ ನನಗೆ ನಂಬಿಕೆ ಇಲ್ಲ. 40 ಲಕ್ಷ ಕೊಡುವವರು ಇನ್ನು ಮೂರು ಮೂರೂವರೆ ಲಕ್ಷಕ್ಕೆ ಹಿಂದೆ ಸರಿಯುತ್ತಾರಾ? ಮೊದಲು 7,000 ಮೀಟರಿನ ಶಿಖರವೊಂದನ್ನು ಹತ್ತಿರಲೇಬೇಕು ಅನ್ನುವ ನಿಯಮದ ಮಾತೂ ಇದೆ. ಅದು ಬಂದರೆ ನಿಜಕ್ಕೂ ಒಳ್ಳೆಯದು.

ಸುಳ್ಳೂ ಸೇರಿಕೊಂಡಿದೆ. 2016ರಲ್ಲಿ ನಮ್ಮ ದೇಶದ ಪೊಲೀಸ್ ದಂಪತಿ ಬೇರೆಯವರ ಶಿಖರದ ಫೋಟೋಗೆ ತಮ್ಮ ಮುಖ ಅಂಟಿಸಿ ಸಿಕ್ಕಿಬಿದ್ದರು. ನೇಪಾಳ ಹತ್ತು ವರ್ಷ ನಿಷೇಧ ಹಾಕಿತು. ಗೊತ್ತಿಲ್ಲದೆ ಹೇಳಿದ ಸುಳ್ಳೂ ಇದೆ: ನೇಪಾಳದ ಮನಾಸ್ಲು ಶಿಖರದಲ್ಲಿ ವರ್ಷಗಟ್ಟಲೆ ಜನ ತುದಿ ಅಂತ ನಿಂತು ಬಾವುಟ ಹಿಡಿದ ಜಾಗ ನಿಜವಾದ ತುದಿ ಅಲ್ಲ, ಅದರಾಚೆ ಇನ್ನೂ ಸ್ವಲ್ಪ ದೂರ ಇದೆ ಅಂತ 2021ರಲ್ಲಿ ಡ್ರೋನ್ ಚಿತ್ರವೊಂದು ಎಲ್ಲರಿಗೂ ತೋರಿಸಿಬಿಟ್ಟಿತು. ಎಷ್ಟೋ ದೊಡ್ಡವರು ಮತ್ತೆ ಹೋಗಿ ಹತ್ತಬೇಕಾಯಿತು. ಇದಕ್ಕೆ ಉಲ್ಟಾ 1955ರ ಕಾಂಚನಜುಂಗಾ. ಬ್ರೌನ್ ಮತ್ತು ಬ್ಯಾಂಡ್ ತುದಿಯ ಕೆಲವೇ ಅಡಿ ಕೆಳಗೆ ಬೇಕಂತಲೇ ನಿಂತರು, ಸಿಕ್ಕಿಂ ಜನರಿಗೆ ಆ ಶಿಖರ ದೇವರು ಅನ್ನುವ ಕಾರಣಕ್ಕೆ. ಅವರು ಹತ್ತಲಿಲ್ಲ ಅಂತ ಯಾರೂ ಹೇಳುವುದಿಲ್ಲ.

ವೇಗದ ಹುಚ್ಚು ಬೇರೆ. 2025ರ ಮೇ ತಿಂಗಳಲ್ಲಿ ನಾಲ್ವರು ಬ್ರಿಟಿಷರು, ದೇಹ ಎತ್ತರಕ್ಕೆ ಬೇಗ ಒಗ್ಗಲಿ ಅಂತ, ಮೊದಲೇ ಝೆನಾನ್ ಅನಿಲ ಉಸಿರಾಡಿ, ಮನೆಯಲ್ಲಿ ಕಡಿಮೆ ಆಕ್ಸಿಜನ್ನಿನ ಟೆಂಟಿನಲ್ಲಿ ಮಲಗಿ ಸಿದ್ಧವಾಗಿ, ಲಂಡನ್ನಿನಿಂದ ಹೊರಟು ಎವರೆಸ್ಟ್ ಹತ್ತಿ ಒಂದು ವಾರದೊಳಗೆ ವಾಪಸ್ ಹೋದರು. ಅದೇ ಸುಮಾರಿಗೆ ಕಾಮಿ ರೀಟಾ ಶೆರ್ಪಾ 31ನೇ ಸಲ ತುದಿ ಮುಟ್ಟಿದರು. ಒಬ್ಬರಿಗೆ ಅದು ವಾರದ ರಜೆ, ಇನ್ನೊಬ್ಬರಿಗೆ ಹೊಟ್ಟೆಪಾಡು. ಅದೇ ಹಗ್ಗ, ಅದೇ ತಿಂಗಳು. ಏಣಿ ಮತ್ತು ಹಗ್ಗ ಸಾಗಿಸಲು, ಕಸ ಇಳಿಸಲು ಐಸ್‌ಫಾಲ್‌ನಲ್ಲಿ ಈಗ ಡ್ರೋನ್ ಬಂದಿದೆ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಒಂದು ಡ್ರೋನ್ ಓಡಾಡಿದಷ್ಟು ಸಲ ಒಬ್ಬ ಮನುಷ್ಯ ಆ ಗಡ್ಡೆಗಳ ಕೆಳಗೆ ನಡೆಯುವುದು ತಪ್ಪುತ್ತದೆ. ಇನ್ನೊಂದು, ಹೇಳಲು ಮುಜುಗರ: 2024ರಿಂದ ಅಲ್ಲಿ ನಿಮ್ಮ ಮಲವನ್ನು ನೀವೇ ಚೀಲದಲ್ಲಿ ತುಂಬಿ ಕೆಳಗೆ ತರಬೇಕು. ಆ ಚಳಿಯಲ್ಲಿ ಏನೂ ಕೊಳೆಯುವುದಿಲ್ಲ ಸ್ವಾಮಿ, ಹಾಗೇ ಇರುತ್ತದೆ.

ಆದರೆ ಪರ್ವತಾರೋಹಣ ಸತ್ತಿಲ್ಲ. ಅದು ಎವರೆಸ್ಟ್ ಬಿಟ್ಟು ಪಕ್ಕಕ್ಕೆ ಹೋಗಿದೆ. 6,000, 7,000 ಮೀಟರಿನ, ಹೆಸರೇ ಕೇಳದ ಗೋಡೆಗಳ ಮೇಲೆ ಇಬ್ಬರೋ ಮೂವರೋ ತಾವೇ ಹಗ್ಗ ಕಟ್ಟಿ ತಾವೇ ಬಿಚ್ಚಿಕೊಂಡು ಬರುತ್ತಿದ್ದಾರೆ. ಗಂಗೋತ್ರಿಯ ಮೇಲಿರುವ ಮೇರು ಶಿಖರದ ಶಾರ್ಕ್ ರೆಕ್ಕೆಯಂಥ ಬಂಡೆ ಎಷ್ಟೋ ತಂಡಗಳನ್ನು ವಾಪಸ್ ಕಳಿಸಿ, 2011ರಲ್ಲಿ ಮೂವರಿಗೆ ಒಲಿಯಿತು. ಅದರ ಎತ್ತರ ಎವರೆಸ್ಟ್ ಬೇಸ್ ಕ್ಯಾಂಪಿಗಿಂತ ಸಾವಿರ ಮೀಟರ್ ಜಾಸ್ತಿ, ಅಷ್ಟೇ. ನೇಪಾಳ 2025ರಲ್ಲಿ ಪಶ್ಚಿಮದ 97 ಶಿಖರಗಳಿಗೆ ಎರಡು ವರ್ಷ ಫೀಸೇ ಬೇಡ ಅಂದಿದೆ, ಅಲ್ಲಿಗೆ ಹೋಗುವವರೇ ಕಡಿಮೆ ಅಂತ.

ಬೆಟ್ಟವೂ ಬದಲಾಗುತ್ತಿದೆ. 2022ರ ಜುಲೈನಲ್ಲಿ ಇಟಲಿಯ ಮಾರ್ಮೊಲಾಡಾದಲ್ಲಿ ಬಿಸಿಲಿಗೆ ಹಿಮನದಿಯ ಒಂದು ಭಾಗವೇ ಕಳಚಿ 11 ಜನ ಸತ್ತರು. ಕಲ್ಲುಗಳನ್ನು ಅಂಟಿನ ಹಾಗೆ ಹಿಡಿದಿಟ್ಟಿದ್ದ ಮಂಜು ಕರಗಿದರೆ ಕಲ್ಲು ಉದುರುತ್ತದೆ. ಹಳೆಯ ಪುಸ್ತಕದಲ್ಲಿ ಸುಲಭ ಅಂತ ಬರೆದ ದಾರಿ ಇವತ್ತು ಸುಲಭ ಇರಲಾರದು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಕುಮಾರ ಪರ್ವತ 1,712 ಮೀಟರ್. ಗಿರಿಗದ್ದೆಯ ಮೇಲಿನ ಆ ಬಿಸಿಲಿನ ಏರು ಹತ್ತಿದ್ದೀರಿ ಅಂದರೆ ಕಾಲು ಗಟ್ಟಿ ಇದೆ, ಸಂತೋಷ. ಕೇದಾರಕಂಠ 3,800. ಅಲ್ಲಿ ನೀವು ಹಿಮದ ಮೇಲೆ ನಡೆದಿದ್ದೀರಿ, ಹಿಮನದಿಯ ಮೇಲೆ ನಡೆದಿಲ್ಲ. ಎತ್ತರ ನಿಮ್ಮ ದೇಹಕ್ಕೆ ಏನು ಮಾಡುತ್ತದೆ ಅಂತ ನಿಮಗೆ ಇನ್ನೂ ಗೊತ್ತಿಲ್ಲ. 5,000ದ ಮೇಲೆ ಮೊದಲ ರಾತ್ರಿ ಟೆಂಟಿನಲ್ಲಿ ಪಕ್ಕದವನ ಉಸಿರು ನಿಂತುಹೋಗುತ್ತದೆ. ಹತ್ತು ಸೆಕೆಂಡ್ ಸದ್ದಿಲ್ಲ. ನೀವು ಅವನನ್ನು ಅಲ್ಲಾಡಿಸಬೇಕು ಅನ್ನುವಷ್ಟರಲ್ಲಿ ನೀರಿನಿಂದ ಮೇಲೆ ಬಂದವನ ಹಾಗೆ ದೊಡ್ಡದಾಗಿ ಎಳೆದುಕೊಳ್ಳುತ್ತಾನೆ. ಆ ಎತ್ತರದಲ್ಲಿ ಇದು ಮಾಮೂಲು. ಮಾಮೂಲಲ್ಲದ್ದು ಬೇರೆ ಇದೆ: ನೆಟ್ಟಗೆ ನಡೆಯಲಾಗದಿರುವುದು, ಕೂತಾಗಲೂ ಏದುಸಿರು, ಎದೆಯಲ್ಲಿ ಗೊರಗೊರ. ಆಗ ಒಂದೇ ಮದ್ದು, ಇಳಿಯುವುದು. ರಾತ್ರಿಯಾಗಿದ್ದರೂ ಸರಿ. 3,000 ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಇರಿ.

ಚಾರಣ ಅಂದರೆ ಸುಲಭ, ಶಿಖರ ಅಂದರೆ ಕಷ್ಟ ಅಂತಲೂ ಅಂದುಕೊಳ್ಳಬೇಡಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ ನಮ್ಮ ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ತೀರಿಕೊಂಡರು. ಅಲ್ಲಿ ಹಗ್ಗ ಕಟ್ಟುವಂಥ ಗೋಡೆ ಇರಲಿಲ್ಲ. ಗಾಳಿ, ಒದ್ದೆ, ಚಳಿ, ಅಷ್ಟೇ ಸಾಕಾಯಿತು. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾ-2ರಲ್ಲಿ ಹಿಮ ಕುಸಿದಾಗ ತರಬೇತಿಯಲ್ಲಿದ್ದವರೇ ಸತ್ತರು, ಅವರಲ್ಲಿ ಬೆಂಗಳೂರಿನ ಹುಡುಗರೂ ಇದ್ದರು. ಕಲಿತವರಿಗೂ ಆಗುತ್ತದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ, ಮನೆಯಲ್ಲಿ ಅಪ್ಪ ಅಮ್ಮನಿಗೆ ಏನು ಹೇಳಿ ಹೊರಡುತ್ತೀರಿ ಅಂತ ಯೋಚಿಸಲು ಹೇಳುತ್ತಿದ್ದೇನೆ.

40 ಲಕ್ಷ ಈಗ ಕೊಡಬೇಡಿ. ಮೊದಲು ಒಂದು ತಿಂಗಳ ಹತ್ತಿರ ರಜೆ ಹೊಂದಿಸಿ (ಅದೇ ಎಲ್ಲಕ್ಕಿಂತ ಕಷ್ಟದ ಶಿಖರ ಅಂತ ನನಗೆ ಗೊತ್ತು) ಉತ್ತರಕಾಶಿ, ಡಾರ್ಜಿಲಿಂಗ್, ಮನಾಲಿ, ಪಹಲ್ಗಾಮ್ ಅಥವಾ ಅರುಣಾಚಲದ ದಿರಾಂಗ್‌ನ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮಾಡಿ. ಸೀಟು ತಿಂಗಳುಗಟ್ಟಲೆ ಮೊದಲೇ ತುಂಬುತ್ತದೆ, ಇವತ್ತೇ ನೋಡಿ. 'ಎ' ಗ್ರೇಡ್ ಬಂದರೆ ಅಡ್ವಾನ್ಸ್ಡ್ ಕೋರ್ಸಿಗೆ ದಾರಿ. ವಾರಾಂತ್ಯದಲ್ಲಿ ರಾಮನಗರದ ಬಂಡೆಗಳಿಗೆ ಹೋಗಿ, ಗೊತ್ತಿದ್ದವರ ಜೊತೆ. ಬಂಡೆಯ ಮೇಲೆ ಕಲಿತ ಹಗ್ಗದ ಕೆಲಸ ಹಿಮದಲ್ಲಿ ಹಾಗೇ ಉಪಯೋಗಕ್ಕೆ ಬರುತ್ತದೆ. ಆಮೇಲೆ 6,000ದ ಒಂದು ಶಿಖರ, ಲಡಾಖಿನ ಕಾಂಗ್ ಯಾತ್ಸೆ-2 ಅಂಥದ್ದು. ಅದಾದ ಮೇಲೆ 7,000ದ್ದು. ಮೂರು ವರ್ಷ ಸಾಲದು, ಐದು ಅಂದುಕೊಳ್ಳಿ. ಅಷ್ಟು ಹತ್ತಿದ ಮೇಲೂ ಎವರೆಸ್ಟ್ ಬೇಕು ಅನ್ನಿಸಿದರೆ ಖಂಡಿತ ಹೋಗಿ. ಆಗ ಕಂಪನಿಯವರ ಹತ್ತಿರ ಫೀಸಿನ ಜೊತೆ ಇದನ್ನೂ ಕೇಳಿ: ನನ್ನ ಜೊತೆ ಬರುವ ಶೆರ್ಪಾಗೆ ಇನ್ಶೂರೆನ್ಸ್ ಎಷ್ಟು? ಅವರಿಗೂ ನನ್ನಷ್ಟೇ ಆಕ್ಸಿಜನ್ ಇದೆಯಾ? 'ವಾಪಸ್' ಅಂತ ಹೇಳುವ ಅಧಿಕಾರ ಅವರಿಗೆ ಇದೆಯಾ? ಉತ್ತರ ಕೊಡಲು ತಡವರಿಸಿದರೆ ಬೇರೆ ಕಂಪನಿ ನೋಡಿ.

ಕೋರ್ಸಿನ ತಾರೀಕು ಬರುವವರೆಗೆ ಸುಮ್ನೆ ಕೂರಬೇಡಿ. ಅಂಗಡಿಯಿಂದ ಎರಡು ಮೀಟರ್ ಹಗ್ಗ ತಂದು ಕಿಟಕಿಯ ಸರಳಿಗೆ ಎಂಟರ ಗಂಟು ಹಾಕುವುದನ್ನು ಕಲಿಯಿರಿ. ಬಂತು ಅನ್ನಿಸಿದ ಮೇಲೆ ದಪ್ಪ ಗ್ಲೌಸ್ ಹಾಕಿಕೊಂಡು ಹಾಕಿ. ಅದೂ ಬಂದ ಮೇಲೆ ದೀಪ ಆರಿಸಿ ಹಾಕಿ. ಗ್ಲೌಸನ್ನು ಹಲ್ಲಲ್ಲಿ ಮಾತ್ರ ಕಚ್ಚಬೇಡಿ.